ಸುನ್ನಾ ಹಿಂದಕ್ಕೆ ಕೇಳಿದ ರಕ್ತ

ನಾರ್ವೆಯ ಉತ್ತರ ತುದಿಯ ಲೂಸಜೋಕ ಹಳ್ಳಿಯಲ್ಲಿ ಸುನ್ನಾಳಿಗೆ ಮೋಸ ಮಾಡಿದವರು ಯಾರೂ ಇರಲಿಲ್ಲ. ಮೋಸ ಮಾಡಲು ಅವಳು ಯಾರಿಗೂ ಎಡೆಗೊಟ್ಟಿರಲಿಲ್ಲ ಎಂದರೆ ಹೆಚ್ಚು ಸರಿಯಾದೀತು. ಅಂಗಡಿಯಲ್ಲಿ ಕಾಫಿಪುಡಿಯ ಪೊಟ್ಟಣ ಕೊಂಡರೆ ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ ನೋಡುವಳು. ರೇಡಿಯೋದವರು ನಾಳೆ ಬಿಸಿಲು ಎಂದರೆ ಆ ಸಂಜೆಯೇ ಹಿಮದ ಜಾರುಬಂಡಿಯ ಸಾಮಾನಿಗೆ ಹೊದಿಕೆ ಬಿಗಿಯುವಳು. ಹೊಸ ಪಾದ್ರಿ ಮನೆಗೆ ಬಂದು ಕುಶಲ ವಿಚಾರಿಸಿದರೆ, ಈ ಮನುಷ್ಯನಿಗೆ ನನ್ನ ಕುಶಲದಿಂದ ಏನಾಗಬೇಕಾಗಿದೆ ಎಂದು ಅವನು ಹೋದ ಮೇಲೆ ಅರ್ಧ ದಿನ ಯೋಚಿಸುವಳು.

"ಅಕ್ಕ, ನಿನ್ನ ನೆರಳು ನಿನ್ನ ಹಿಂದೆ ಬಂದ್ರೂ ಯಾಕೆ ಬರ್ತಿದೀಯ ಅಂತ ಕೇಳ್ತೀಯಲ್ಲ" ಎಂದು ತಮ್ಮ ವುಲ್ಲೆ ಹಂಗಿಸುತ್ತಿದ್ದ.

"ಕೇಳದೆ ಇದ್ರೆ ಅದು ತಾನಾಗಿ ಹೇಳುತ್ತೇನೋ?" ಎನ್ನುತ್ತಿದ್ದಳು ಸುನ್ನಾ.

ಅವಳಿಗೆ ಆಗ ಅರವತ್ತೆಂಟು ವರ್ಷ. ಗಂಡ ತೀರಿಹೋಗಿ ಹದಿನಾರು ವರ್ಷಗಳಾಗಿದ್ದವು. ತಮ್ಮನೊಡನೆ ಸೇರಿ ಹಿಮಸಾರಂಗಗಳನ್ನು ಸಾಕುತ್ತಿದ್ದಳು. ಚಳಿಗಾಲವೆಲ್ಲ ಲೂಸಜೋಕದಲ್ಲಿ, ಬೇಸಿಗೆಯಲ್ಲಿ ಕಡಲ ದಂಡೆಯಲ್ಲಿ. ಆ ಸೀಮೆಯಲ್ಲಿ ಹುಟ್ಟಿದ ಪ್ರತಿಯೊಂದು ಮರಿಯ ಕಿವಿಗೂ ಒಡೆಯನ ಗುರುತನ್ನು ಚಾಕುವಿನಿಂದ ಕೊಯ್ಯುತ್ತಾರೆ. ಇನ್ನೂರಕ್ಕೂ ಹೆಚ್ಚು ಮನೆಗಳ ಗುರುತುಗಳು ಸುನ್ನಾಳಿಗೆ ಬಾಯಿಪಾಠವಾಗಿದ್ದವು. ಓಡುವ ಹಿಂಡಿನಲ್ಲಿ ಒಂದು ಕಿವಿ ಕಣ್ಣಿಗೆ ಬಿದ್ದರೂ ಸಾಕು, ಇದು ಇಂಥವರದು ಎಂದುಬಿಡುತ್ತಿದ್ದಳು.

ಅವಳ ಅನುಮಾನ ತಾಯಿಯಿಂದ ಬಂದ ಆಸ್ತಿ. ತಾಯಿ ರಾಹ್ಕೆಲ್ ಹನ್ನೊಂದು ವರ್ಷದವಳಾಗಿ ಕರಾವಳಿಯ ವಸತಿಶಾಲೆಯಲ್ಲಿದ್ದಾಗ ದಕ್ಷಿಣದ ಊರುಗಳಿಂದ ಮೂವರು ಗಂಡಸರು ಬಂದಿದ್ದರಂತೆ. ಆ ಸೀಮೆಯ ಮೂಲಜನರಾದ ಸಾಮಿಗಳ ಮಕ್ಕಳನ್ನು ಮಾತ್ರ ಸಾಲಾಗಿ ನಿಲ್ಲಿಸಿ ಕಬ್ಬಿಣದ ಇಕ್ಕಳದಿಂದ ತಲೆಯ ಅಗಲ, ಉದ್ದ, ಮೂಗು, ದವಡೆ ಎಲ್ಲವನ್ನೂ ಅಳೆದು ಬರೆದುಕೊಂಡರಂತೆ. ಏಕೆಂದು ಕೇಳಿದ ಮಕ್ಕಳಿಗೆ ಟೋಪಿ ಹೊಲಿಸುವುದಕ್ಕೆ ಎಂದು ಹೇಳಿದರಂತೆ. ರಾಹ್ಕೆಲ್ ಆ ಚಳಿಗಾಲವೆಲ್ಲ ಟೋಪಿಗಾಗಿ ಕಾದಳು. ಮುದುಕಿಯಾದ ಮೇಲೆ ಈ ಕಥೆಯನ್ನು ಹೇಳಿ ಅವಳೇ ನಗುತ್ತಿದ್ದಳು. ಸುನ್ನಾ ಒಮ್ಮೆಯೂ ನಗಲಿಲ್ಲ. ರಾಹ್ಕೆಲ್ ಸತ್ತು ಬಹಳ ಕಾಲವಾದ ಮೇಲೆ, ನರ್ಸ್ ಕೆಲಸ ಓದಲು ನಗರಕ್ಕೆ ಹೋಗಿದ್ದ ವುಲ್ಲೆಯ ಮಗಳು ರಾವ್ನಾ ಅಲ್ಲಿನ ಗ್ರಂಥಾಲಯದ ಒಂದು ದಪ್ಪ ಪುಸ್ತಕದಲ್ಲಿ ಅಜ್ಜಿಯ ಚಿತ್ರವನ್ನು ಕಂಡು ನಕಲು ಮಾಡಿಸಿ ತಂದಳು. ಬರಿದಲೆಯ ಹುಡುಗಿ, ಒಮ್ಮೆ ಎದುರಿನಿಂದ, ಒಮ್ಮೆ ಪಕ್ಕದಿಂದ. ಕೆಳಗೆ ಹೆಸರಿರಲಿಲ್ಲ. "ಹೆಣ್ಣು, ಸಂಖ್ಯೆ ನಲವತ್ತೊಂದು" ಎಂದಷ್ಟೇ ಇತ್ತು.

ಅದೇ ರಾವ್ನಾ ಈಗ ಮೂವತ್ತರ ಹೆಂಗಸಾಗಿ, ಜನರ ಆರೋಗ್ಯದ ಸಮೀಕ್ಷೆಯೊಂದರ ಕೆಲಸ ಹಿಡಿದು ಊರಿಗೆ ಬಂದಿದ್ದಳು. ಮನೆಮನೆಯವರನ್ನೂ ಶಾಲೆಗೆ ಕರೆದು, ಪ್ರಶ್ನೆ ಕೇಳಿ, ರಕ್ತ ತೆಗೆದುಕೊಳ್ಳುವ ಕೆಲಸ. ಊರಿನ ಹೆಂಗಸರು ಸುನ್ನಾಳ ಬಾಗಿಲು ನೋಡುತ್ತಿದ್ದರು. ಅವಳು ಹೋದರೆ ತಾವೂ ಹೋಗುವುದು, ಅವಳು ಹೋಗದಿದ್ದರೆ ಇಲ್ಲ. ಊರಿನ ಅರ್ಧ ಜನವಾದರೂ ಬಾರದಿದ್ದರೆ ಲೂಸಜೋಕವನ್ನು ಬಿಟ್ಟು ಮುಂದೆ ಹೋಗುತ್ತೇವೆಂದು ಮೇಲಿನವರು ಹೇಳಿದ್ದರು.

"ನಮ್ಮೋರು ಯಾವ ಕಾಯಿಲೆಯಿಂದ ಸಾಯ್ತಿದಾರೆ ಅಂತ ಯಾರಿಗೂ ಗೊತ್ತಿಲ್ಲ ಅತ್ತೆ" ಎಂದಳು ರಾವ್ನಾ, ಸುನ್ನಾಳ ಅಡುಗೆಮನೆಯಲ್ಲಿ ಕುಳಿತು. "ಸರ್ಕಾರದ ಯಾವ ಲೆಕ್ಕದಲ್ಲೂ ನಾವಿಲ್ಲ."

"ಲೆಕ್ಕದಲ್ಲಿ ಇಲ್ಲದೆ ಇರೋದ್ರಿಂದಲೇ ಇಷ್ಟು ಜನ ಉಳ್ಕೊಂಡಿದೀವಿ."

"ಅಜ್ಜಿನ ಯಾರೂ ಕೇಳಲಿಲ್ಲ. ನಿನ್ನ ಕೇಳ್ತಿದಾರೆ. ಬೇಡ ಅನಿಸಿದ್ರೆ ಯಾವಾಗ ಬೇಕಾದ್ರೂ ಕೊಟ್ಟಿದ್ದನ್ನ ಹಿಂದಕ್ಕೆ ತಗೋಬಹುದು. ಕಾಗದದಲ್ಲೇ ಬರೆದಿದೆ, ನೋಡು."

ಅಲ್ಲಿಯವರ ರೂಢಿಯಂತೆ ಕಾಫಿಯಲ್ಲಿ ಗಿಣ್ಣಿನ ತುಂಡು ಹಾಕುತ್ತಿದ್ದ ಸುನ್ನಾಳ ಕೈ ನಿಂತಿತು. "ಹಿಂದಕ್ಕೆ ತಗೋಬಹುದಾ?"

"ಹೌದು ಅತ್ತೆ."

"ಹಾಗಂತ ಬರೆದಿದೆಯಾ?"

"ಎರಡನೇ ಪುಟದಲ್ಲಿ."

ಸುನ್ನಾ ಆ ಸಾಲನ್ನು ಮೂರು ಸಲ ಓದಿಸಿದಳು. ಫೆಬ್ರವರಿಯ ಒಂದು ಬೆಳಿಗ್ಗೆ ಬೆಳ್ಳಿಯ ಪದಕ ಸಿಕ್ಕಿಸಿಕೊಂಡು, ಒಳ್ಳೆಯ ಬಟ್ಟೆಯುಟ್ಟು ಶಾಲೆಗೆ ನಡೆದಳು. ಅವಳು ಯಾರನ್ನಾದರೂ ಪರೀಕ್ಷಿಸಲು ಹೋಗುವಾಗ ಒಳ್ಳೆಯ ಬಟ್ಟೆಯನ್ನೇ ಉಡುತ್ತಿದ್ದಳೆಂಬುದು ವುಲ್ಲೆಗೆ ಮಾತ್ರ ತಿಳಿದಿತ್ತು.

ವ್ಯಾಯಾಮದ ಹಜಾರದಲ್ಲಿ ಮೇಜುಗಳನ್ನು ಹಾಕಿದ್ದರು. ಸಮೀಕ್ಷೆಯ ಮುಖ್ಯಸ್ಥೆ ಡಾಕ್ಟರ್ ತೂರುನ್ ತಾನೇ ಪ್ರಶ್ನೆ ಕೇಳಲು ಕುಳಿತಿದ್ದಳು. ನಲವತ್ತು ದಾಟಿದ ನಾರ್ವೆಯ ಹೆಂಗಸು, ಮೆಲುಮಾತಿನವಳು, ಕಷ್ಟಪಟ್ಟು ಸಾಮಿ ಭಾಷೆ ಕಲಿತವಳು.

"ಮೈಕೈ ನೋವು ಇದೆಯಾ ಸುನ್ನಾ?"

"ಹೇಗೋ ನಡೆಯುತ್ತೆ."

"ಅಂದ್ರೆ ಇದೆಯೋ ಇಲ್ಲವೋ?"

"ನಡೆಯುತ್ತೆ ಅಂದೆನಲ್ಲ."

"ಹಿಮಸಾರಂಗ ಎಷ್ಟಿವೆ?"

ಅಳತೆಪಟ್ಟಿ ಎತ್ತಿಡುತ್ತಿದ್ದ ರಾವ್ನಾ ತುಟಿ ಕಚ್ಚಿಕೊಂಡಳು. ಆ ನಾಡಿನಲ್ಲಿ ಒಬ್ಬರ ಹಿಂಡು ಎಷ್ಟೆಂದು ಕೇಳುವುದು ಮರ್ಯಾದೆಯಲ್ಲ, ಗಂಟಿನಲ್ಲಿ ಹಣ ಎಷ್ಟಿದೆಯೆಂದು ಕೇಳಿದ ಹಾಗೆ.

ಸುನ್ನಾ ತಿರುಗಿ ಕೇಳಿದಳು, "ನಿನ್ನ ತೂಕ ಎಷ್ಟು ತೂರುನ್?"

ಹಿಂದೆ ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು. ತೂರುನ್ ಕೆಂಪಾಗಿ, ಆ ಪ್ರಶ್ನೆಯನ್ನು ಬಿಟ್ಟು ಮುಂದಿನದಕ್ಕೆ ಹೋದಳು. ಎಲ್ಲ ಮುಗಿದ ಮೇಲೆ ಸುನ್ನಾ ತೋಳು ಚಾಚಿದಳು. ರಾವ್ನಾ ನಾಲ್ಕು ಕೊಳವೆ ರಕ್ತ ತೆಗೆದಳು. ಅನಂತರ ನಾಲ್ಕರ ಮೇಲಿನ ಹೆಸರಿನ ಚೀಟಿಗಳನ್ನೂ ಕಿತ್ತು, ಆ ಜಾಗದಲ್ಲಿ ಅಂಕಿಗಳ ಚೀಟಿಗಳನ್ನು ಅಂಟಿಸಿದಳು.

"ನನ್ನ ಹೆಸರು ಯಾಕೆ ಕಿತ್ತೆ?"

"ಇದು ನಿಮ್ಮ ಒಳ್ಳೇದಕ್ಕೇ" ಎಂದಳು ತೂರುನ್. "ಹೆಸರಿದ್ರೆ ನಿಮ್ಮ ಕಾಯಿಲೆ ಏನು ಅಂತ ಕಂಡವರಿಗೆಲ್ಲ ತಿಳಿದುಹೋಗುತ್ತೆ. ಅಂಕಿ ಇದ್ರೆ ಇದು ಯಾರದು ಅಂತ ಯಾರಿಗೂ ಗೊತ್ತಾಗಲ್ಲ."

ಇದನ್ನು ಕೇಳಿ ಬೇರೆ ಊರಿನವರಿಗೆ ನೆಮ್ಮದಿಯಾಗುತ್ತಿತ್ತೇನೋ. ಸುನ್ನಾಳ ಬೆನ್ನು ನೆಟ್ಟಗಾಯಿತು. ಕಿವಿಯ ಮೇಲಿನ ಹಳೆಯ ಗುರುತನ್ನು ಕೊಯ್ದು ತೆಗೆದು ಹೊಸ ಗುರುತು ಮಾಡುವುದಕ್ಕಿಂತ ದೊಡ್ಡ ಕಳ್ಳತನ ಅವಳ ಜನಕ್ಕೆ ತಿಳಿದಿರಲಿಲ್ಲ. ಅಂಥ ಕೆಲಸ ಮಾಡಿದ ಮನೆತನದ ಹೆಸರನ್ನು ಮೂರು ತಲೆಮಾರಿನ ತನಕ ಆಡಿಕೊಳ್ಳುತ್ತಿದ್ದರು. ಇಲ್ಲಿ ಹಾಡಹಗಲಿನಲ್ಲಿ, ಒಡತಿಯ ಕಣ್ಣೆದುರಿಗೇ, ತನ್ನ ಸೋದರ ಸೊಸೆಯ ಕೈಯಿಂದಲೇ ಅದನ್ನು ಮಾಡಿಸಿ, ಯಾರದೆಂದು ಯಾರಿಗೂ ತಿಳಿಯುವುದಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತಿದ್ದಾರೆ! ಸುನ್ನಾ ಆ ಏಳು ಅಂಕಿಗಳನ್ನು ಕಣ್ಣಿನಿಂದ ನುಂಗುವಂತೆ ನೋಡಿ, ದಾರಿಯುದ್ದಕ್ಕೂ ಬಾಯಲ್ಲಿ ಹೇಳಿಕೊಳ್ಳುತ್ತ ಮನೆಗೆ ಬಂದಳು.

ಅವಳು ಹೋಗಿ ಬಂದಳೆಂದು ಉಳಿದ ಹೆಂಗಸರೂ ಹೋಗತೊಡಗಿದರು. ರಾವ್ನಾಳ ಮುಖ ಅರಳಿತ್ತು. ಮೂರು ವಾರಗಳಾದ ಮೇಲೆ ಸುನ್ನಾ ಮತ್ತೆ ಹಜಾರಕ್ಕೆ ಬಂದು ತೂರುನ್ ಎದುರು ಕುಳಿತಳು.

"ನನ್ನ ರಕ್ತ ಹಿಂದಕ್ಕೆ ಬೇಕು."

ತೂರುನ್ ಪೆನ್ನು ಕೆಳಗಿಟ್ಟಳು. "ಬೇಸರವಾಯ್ತಾ ಸುನ್ನಾ? ಇರಲಿ, ಅದು ನಿಮ್ಮ ಹಕ್ಕು. ಈ ಕಾಗದಕ್ಕೆ ಸಹಿ ಹಾಕಿ. ನಾವು ಅದನ್ನ ನಾಶ ಮಾಡಿ ನಿಮಗೆ ಪತ್ರ ಹಾಕ್ತೀವಿ."

"ನಾಶ ಮಾಡು ಅಂತ ಯಾರು ಹೇಳಿದ್ರು? ನನ್ನ ಮರಿ ಪಕ್ಕದೋರ ಹಿಂಡಿಗೆ ಸೇರಿಹೋಯ್ತು ಅಂದ್ಕೋ. ಕೇಳೋಕೆ ಹೋದ್ರೆ, ಕೊಂದು ಹಾಕಿದೀವಿ, ನೀನು ನೆಮ್ಮದಿಯಾಗಿರು ಅಂತ ಪತ್ರ ಹಾಕ್ತಾರಾ?"

ವರ್ಷಕ್ಕೊಮ್ಮೆ, ಶರತ್ಕಾಲದಲ್ಲಿ, ಸೀಮೆಯ ಹಿಂಡುಗಳನ್ನೆಲ್ಲ ದೊಡ್ಡ ಬೇಲಿಯೊಳಗೆ ಕೂಡಿ ಬೇರ್ಪಡಿಸುವಾಗ, ತನ್ನಲ್ಲಿ ಬೆರೆತುಹೋದ ನೆರೆಯವರ ಪ್ರಾಣಿಗಳನ್ನು ಪ್ರತಿಯೊಬ್ಬರೂ ಹಿಂದಿರುಗಿಸಬೇಕು. ಬೆರೆತದ್ದು ಸತ್ತುಹೋಗಿದ್ದರೆ ಅದರ ಎರಡು ಕಿವಿಗಳನ್ನಾದರೂ ತಂದು ಒಡೆಯನ ಕೈಗೆ ಕೊಡಬೇಕು. ಒಬ್ಬ ಮನುಷ್ಯ ಎಂಥವನೆಂಬುದನ್ನು ಲೂಸಜೋಕದವರು ಅವನ ಮಾತಿನಿಂದ ಅಳೆಯುತ್ತಿರಲಿಲ್ಲ. ಬೇಲಿಯ ಬಳಿ ಅವನು ಏನು ಹಿಂದಿರುಗಿಸಿದ ಎಂಬುದರಿಂದ ಅಳೆಯುತ್ತಿದ್ದರು. ಸುನ್ನಾ ರಕ್ತ ಕೊಟ್ಟದ್ದೇ ಹಿಂದಕ್ಕೆ ಕೇಳುವುದಕ್ಕಾಗಿ.

ಈ ಸುದ್ದಿ ಹರಡಲು ಒಂದು ಗಂಟೆಯೂ ಬೇಕಾಗಲಿಲ್ಲ. ಮರುದಿನ ಹಜಾರಕ್ಕೆ ಬರಬೇಕಾಗಿದ್ದ ಹನ್ನೆರಡು ಜನರಲ್ಲಿ ಒಬ್ಬ ಬಂದ, ಅವನೂ ಹಿಂದೆ ಹೆಸರು ಬರೆಸಲು ಬಂದಾಗ ಮರೆತು ಹೋಗಿದ್ದ ಕೈಗವಸನ್ನು ತೆಗೆದುಕೊಂಡು ಹೋಗಲು. ಸುನ್ನಾಳಿಗೆ ಏನು ಸಿಗುತ್ತದೋ ನೋಡೋಣವೆಂದು ಊರು ಕೈಕಟ್ಟಿ ಕುಳಿತಿತು.

"ಮೂರು ವರ್ಷದ ಕೆಲಸ ಅತ್ತೆ!" ಎಂದು ರಾವ್ನಾ ಅತ್ತಳು. "ಹೊರಗಿನೋರು ಮಾಡಿದ್ರೆ ಸಹಿಸ್ಕೋತಿದ್ದೆ."

"ನೀನು ಕಿತ್ತ ಚೀಟೀನ ಹೊರಗಿನೋರು ಕಿತ್ತಿದ್ರೆ ನಾನೂ ಸಹಿಸ್ಕೋತಿದ್ದೆ."

ರಾವ್ನಾ ಬಾಗಿಲನ್ನು ಎಳೆದುಕೊಂಡು ಹೋದಳು. ವುಲ್ಲೆ ಒಲೆಯ ಮುಂದೆ ಮೂಳೆಯಿಂದ ಮಜ್ಜೆ ತೆಗೆಯುತ್ತ, "ಅಕ್ಕ, ಅವರು ಹಿಂದಕ್ಕೆ ಕೊಟ್ಟುಬಿಟ್ರೆ ಏನು ಮಾಡ್ತೀಯ? ಕುಡೀತೀಯಾ?" ಎಂದ.

"ಕೊಡಲ್ಲ ಬಿಡು" ಎಂದಳು ಸುನ್ನಾ. ಆ ಮಾತಿನಲ್ಲಿ ಗೆಲುವಿರಲಿಲ್ಲ.

ತೂರುನ್ ಎರಡು ದಿನ ಮೇಲಿನವರೊಡನೆ ಫೋನಿನಲ್ಲಿ ಮಾತಾಡಿ, ಕಡೆಗೆ ಬಂದು ಹೇಳಿದಳು, "ನಡೀರಿ, ನೀವೇ ಬಂದು ನೋಡಿ." ಸುನ್ನಾ ಚೀಲದಲ್ಲಿ ಒಣಮಾಂಸ ಕಟ್ಟಿಕೊಂಡು ಅವಳ ಕಾರಿನಲ್ಲಿ ಎಂಟು ಗಂಟೆ ಕುಳಿತು ನಗರಕ್ಕೆ ಹೋದಳು. ರಾತ್ರಿ ಛತ್ರದಂಥ ಹೋಟೆಲಿನಲ್ಲಿ ಮಲಗಿ, ಬೆಳಿಗ್ಗೆ ಸಮೀಕ್ಷೆ ನಡೆಸುವ ಸಂಸ್ಥೆಯ ಕಟ್ಟಡಕ್ಕೆ ಹೋದರು. ಬಾಗಿಲಲ್ಲಿ ಕಾವಲಿನವನು ಅವಳ ಸೊಂಟದ ಚಾಕುವನ್ನು ನೋಡಿ ಗಾಬರಿಯಾದ.

"ಇದನ್ನ ಇಲ್ಲಿ ಬಿಟ್ಟು ಹೋಗ್ಬೇಕು."

"ನನ್ನದು ಏನೇನು ಬಿಟ್ಟು ಹೋಗ್ಬೇಕು ಇಲ್ಲಿ?" ಎಂದಳು ಸುನ್ನಾ. ಆದರೂ ಬಿಚ್ಚಿ ಕೊಟ್ಟಳು.

ತಂಪುಕೋಣೆಯಲ್ಲಿ ಆಳೆತ್ತರದ ಫ್ರೀಜರ್‌ಗಳು ಸಾಲಾಗಿ ನಿಂತಿದ್ದವು. ಬಾಗಿಲು ತೆರೆದೊಡನೆ ಬಿಳಿಯ ಹೊಗೆ ನೆಲಕ್ಕಿಳಿಯಿತು. ಅಲ್ಲಿನ ಕೆಲಸಗಾರ ದಪ್ಪ ಕೈಗವಸಿನಿಂದ ಒಂದು ತಟ್ಟೆಯನ್ನು ಹೊರಗೆಳೆದ. ಸುನ್ನಾ ಬಾಯಿಪಾಠದ ಏಳು ಅಂಕಿಗಳನ್ನು ಹೇಳಿದಳು. ಅವನು ಹುಡುಕಿ ಮೇಜಿನ ಮೇಲೆ ಕೊಳವೆಗಳನ್ನು ಇಟ್ಟ. ಒಂದು, ಎರಡು, ಮೂರು.

"ಇನ್ನೊಂದು?"

ಅವನು ತಟ್ಟೆಯನ್ನು ಮತ್ತೆ ನೋಡಿದ. ಗಣಕಯಂತ್ರದಲ್ಲಿ ನೋಡಿದ. "ನಾಲ್ಕನೇದು ಹೊರದೇಶದ ಪ್ರಯೋಗಾಲಯಕ್ಕೆ ಹೋಗಿದೆ. ಪಾಲುದಾರರದು. ಕಾಗದದ ಏಳನೇ ಪುಟದಲ್ಲಿದೆಯಲ್ಲ."

ಸುನ್ನಾ ತೂರುನ್‌ಳ ಮುಖವನ್ನು ನೋಡಿದಳು, ಹಿಂಡಿನಲ್ಲಿ ಕಿವಿಗಳನ್ನು ನೋಡುವ ಹಾಗೆಯೇ. ಆ ಮುಖ ಬಿಳುಪೇರಿತ್ತು.

"ಆ ಸಾಲು ಇದೆ ಅಂತ ಗೊತ್ತಿತ್ತು" ಎಂದಳು ತೂರುನ್ ಮೆಲ್ಲಗೆ. "ಇಷ್ಟು ಬೇಗ ಕಳಿಸ್ತಾರೆ ಅಂತ ಗೊತ್ತಿರಲಿಲ್ಲ. ನನ್ನ ಕೇಳಲಿಲ್ಲ."

"ಅಲ್ಲಿ ಏನು ನೋಡ್ತಾರೆ?"

"ಜನರ ಮೂಲ... ಯಾವ ಕಡೆಯಿಂದ ಬಂದವರು, ಯಾರ ಜೊತೆ ಎಷ್ಟು ಬೆರೆತಿದಾರೆ, ಅಂಥದ್ದು."

"ಹಾಗಾದ್ರೆ ಇಕ್ಕಳ ಈಗ ಸಣ್ಣದಾಗಿದೆ, ಅಷ್ಟೇ."

ತೂರುನ್ ಮೂರು ಕೊಳವೆಗಳನ್ನು ಅವಳ ಮುಂದೆ ಸರಿಸಿದಳು. ಇರುವ ಮೂರನ್ನಾದರೂ ಒಯ್ಯಿರೆಂದು ಬೇಡಿದಳು. ಸುನ್ನಾ ಒಪ್ಪಲಿಲ್ಲ. "ನಾಲ್ಕು ಕೊಟ್ಟಿದೀನಿ, ನಾಲ್ಕೂ ಒಟ್ಟಿಗೆ ಬರಲಿ" ಎಂದು ಹೇಳಿ, ಕಾವಲಿನವನಿಂದ ಚಾಕು ಇಸಿದುಕೊಂಡು, ಅವನೆದುರಿನ ಬೆಂಚಿನ ಮೇಲೆಯೇ ಕುಳಿತು ಒಣಮಾಂಸವನ್ನು ತೆಳ್ಳಗೆ ಹೆರೆದು ತಿಂದಳು. ಒಂದು ಚೂರನ್ನು ಅವನಿಗೂ ಕೊಟ್ಟಳು.

ಏಪ್ರಿಲ್ ಬಂತು. ಹಿಂಡು ಕಡಲಿನ ಕಡೆಗೆ ಎದ್ದಿತು, ಜನವೂ ಎದ್ದರು. ಶಾಲೆಯ ಹಜಾರಕ್ಕೆ ಬೀಗ ಬಿತ್ತು. ಬೇಸಿಗೆಯೆಲ್ಲ ರಾವ್ನಾ ಅತ್ತೆಯೊಡನೆ ಮಾತಾಡಲಿಲ್ಲ. ಮರಿಗಳಿಗೆ ಗುರುತು ಕೊಯ್ಯಲು ಬಂದಾಗಲೂ ಅಪ್ಪನ ಪಕ್ಕದಲ್ಲೇ ನಿಂತು, ಹಗ್ಗವನ್ನು ಅತ್ತೆಯ ಕೈಗೆ ಕೊಡದೆ ನೆಲದ ಮೇಲೆ ಹಾಕಿದಳು. ಸುನ್ನಾಳಿಗೆ ಅದು ನಾಟಿತು. ತಾನು ಹುಡುಗಿಯ ಬಾಳನ್ನು ಕೆಡಿಸಿದೆನೇ ಎಂದು ಒಂದೆರಡು ಸಲ ಅನ್ನಿಸಿತು. ಆದರೆ ಮೂರು ಕೊಳವೆ ಇದ್ದ ಮೇಜು ಕಣ್ಣಿಗೆ ಕಟ್ಟಿದೊಡನೆ ಮನಸ್ಸು ಮತ್ತೆ ಗಟ್ಟಿಯಾಗುತ್ತಿತ್ತು. ತಾನು ಕೇಳದಿದ್ದರೆ ನಾಲ್ಕನೆಯದು ಹೋಯಿತೆಂದು ಯಾರಿಗೆ ತಿಳಿಯುತ್ತಿತ್ತು? ರಕ್ತ ಕೊಟ್ಟಿದ್ದ ಊರಿನ ನೂರ ಎಂಟು ಜನರ ನಾಲ್ಕನೆಯ ಕೊಳವೆಗಳು ಎಲ್ಲಿವೆ? ಇದನ್ನು ಅವಳು ಯಾರೊಡನೆಯೂ ಆಡಲಿಲ್ಲ. ಆಡದಿದ್ದರೂ ಎಲ್ಲರೂ ಅದನ್ನೇ ಯೋಚಿಸುತ್ತಿದ್ದರು.

ನವೆಂಬರಿನಲ್ಲಿ, ಎಲ್ಲರೂ ಲೂಸಜೋಕಕ್ಕೆ ಮರಳಿದ ಮೇಲೆ, ಒಂದು ಮಧ್ಯಾಹ್ನ ತೂರುನ್‌ಳ ಕಾರು ಸುನ್ನಾಳ ಅಂಗಳದಲ್ಲಿ ನಿಂತಿತು. ಅವಳ ಹಿಂದೆ ರಾವ್ನಾ ಮುಖ ಬಿಗಿದುಕೊಂಡೇ ಇಳಿದಳು. ವುಲ್ಲೆ ಒಳಗಿದ್ದ. ಸುನ್ನಾ ಕಾಫಿ ಬಗ್ಗಿಸಿ, ಗಿಣ್ಣು ಮುಂದಿಟ್ಟು, ಏನೂ ಕೇಳದೆ ಕುಳಿತಳು. ಎರಡು ಲೋಟ ಮುಗಿಯುವ ತನಕ ಯಾರೂ ಮಾತಾಡಲಿಲ್ಲ. ಮೊದಲಾಗಿದ್ದರೆ ತೂರುನ್ ಮಾತು ತೆಗೆಯುತ್ತಿದ್ದಳು. ಈಗ ಅವಳೂ ಸುಮ್ಮನೆ ಕುಡಿದಳು. ಅನಂತರ ಒಂದು ಬಿಳಿಯ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು.

ಒಳಗೆ ನಾಲ್ಕು ಕೊಳವೆಗಳಿದ್ದವು. ಸುನ್ನಾ ಕನ್ನಡಕ ಹಾಕಿಕೊಂಡು ನಾಲ್ಕರ ಅಂಕಿಗಳನ್ನೂ ಒಂದೊಂದಾಗಿ ಓದಿದಳು. ನಾಲ್ಕನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದರಲ್ಲಿ ರಕ್ತ ತಳದಿಂದ ಒಂದು ಬೆರಳಿನಷ್ಟು ಮಾತ್ರ ಇತ್ತು.

"ಇದು ಕಡಿಮೆ ಇದೆ."

"ಹೌದು" ಎಂದಳು ತೂರುನ್. "ಅವರು ಬಳಸಿಬಿಟ್ಟಿದ್ರು. ಬಳಸಿದ್ದನ್ನ ತರೋಕೆ ನನ್ನಿಂದ ಆಗಲಿಲ್ಲ. ಉಳಿದದ್ದು ಇಷ್ಟು."

"ಇದು ನನ್ನದೇ ಅಂತ ಹೇಗೆ ನಂಬಲಿ?"

ರಾವ್ನಾ ಬಾಯಿ ತೆರೆದಳು. ತೂರುನ್ ಅವಳ ತೋಳು ಮುಟ್ಟಿ ತಡೆದಳು. "ನಂಬೋಕೆ ದಾರಿ ಇಲ್ಲ ಸುನ್ನಾ. ನಿಮ್ಮ ಜಾಗದಲ್ಲಿದ್ದಿದ್ರೆ ನಾನೂ ನಂಬ್ತಿರಲಿಲ್ಲ."

ಸುನ್ನಾ ಬಹಳ ಹೊತ್ತು ಆ ಕೊಳವೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ನಾಲ್ಕೂ ತುಂಬಿ ಬಂದಿದ್ದರೆ ಅವಳು ಈ ಹೆಂಗಸನ್ನು ಅಂದೇ ಬಾಗಿಲಾಚೆ ಕಳುಹಿಸುತ್ತಿದ್ದಳು. ಯಾರದೋ ರಕ್ತ ತುಂಬಿ ಲೆಕ್ಕ ಸರಿಮಾಡುವುದು ಏನು ಕಷ್ಟ? ಕಳ್ಳನಾದವನು ಇಡೀ ಪ್ರಾಣಿಯನ್ನೇ ತೋರಿಸುತ್ತಾನೆ. ಸತ್ತದ್ದನ್ನು ಸತ್ತಿತೆಂದು ಒಪ್ಪಿ, ಎರಡು ಕಿವಿಗಳನ್ನು ಹಿಡಿದು ಎಂಟು ಗಂಟೆಯ ದಾರಿ ಬರುವವನು ಬೇರೆ ತಳಿಯವನು.

"ಉಳಿದೋರದು?" ಎಂದಳು.

"ಅವರದ್ದೂ ತರಿಸಿದೀನಿ. ಬಳಸದೆ ಉಳಿದಿದ್ದಷ್ಟು. ಮನೆಮನೆಗೂ ಹೋಗಿ ಹೇಳ್ತೀನಿ, ಎಷ್ಟು ಹೋಯ್ತು ಅಂತ."

"ಎಲ್ಲರೂ ಕಾಫಿ ಕೊಡಲ್ಲ."

"ಗೊತ್ತು."

ವುಲ್ಲೆ ಕೆಮ್ಮಿದ. "ನನ್ನ ಮನೇಗೆ ಬಂದ್ರೆ ಕೊಡ್ತೀನಿ. ಅಕ್ಕ ಮಾಡಿಟ್ರೆ."

ಸುನ್ನಾ ಪೆಟ್ಟಿಗೆಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಹಿಮದಲ್ಲಿ ಬೂಟಿನ ಹಿಮ್ಮಡಿಯಿಂದ ಒಂದು ಗುಳಿ ಮಾಡಿ, ನಾಲ್ಕನ್ನೂ ಅದಕ್ಕೆ ಸುರಿದು ಮುಚ್ಚಿದಳು. ಒಳಗೆ ಬಂದು ಖಾಲಿ ಕೊಳವೆಗಳನ್ನು ಬಿಸಿನೀರಿನಲ್ಲಿ ತೊಳೆದು ತೂರುನ್ ಮುಂದಿಟ್ಟಳು. "ಇವು ನಿನ್ನವು."

ಹತ್ತು ದಿನಗಳ ಮೇಲೆ ಶಾಲೆಯ ಹಜಾರ ಮತ್ತೆ ತೆರೆಯಿತು. ತೂರುನ್ ಹೊಸ ಕಾಗದ ಮಾಡಿಸಿದ್ದಳು. ಹೊರದೇಶಕ್ಕೆ ಕಳುಹಿಸುವ ಮಾತು ಈಗ ಏಳನೆಯ ಪುಟದಿಂದ ಮೊದಲನೆಯದಕ್ಕೆ ಬಂದಿತ್ತು. ಅದರ ಪಕ್ಕದಲ್ಲಿ ಹೌದು, ಇಲ್ಲ ಎಂದು ಎರಡು ಚೌಕಗಳಿದ್ದವು. ಯಾವ ಅಂಕಿ ಯಾರದೆಂಬ ಪಟ್ಟಿಯ ಒಂದು ಪ್ರತಿ ಲೂಸಜೋಕದಲ್ಲೇ, ಊರಿನವರು ಆರಿಸಿದ ಇಬ್ಬರ ಬೀಗದಲ್ಲಿರತಕ್ಕದ್ದೆಂದೂ ಬರೆದಿತ್ತು. ಸುನ್ನಾ ಎಲ್ಲರಿಗಿಂತ ಮೊದಲು ಬಂದಳು. ಬಂದವಳು ಕೂರಲಿಲ್ಲ.

"ರಾವ್ನಾ, ಓದು."

"ಅತ್ತೆ, ಹನ್ನೊಂದು ಪುಟ ಇದೆ."

"ಗಟ್ಟಿಯಾಗಿ ಓದು. ಹಿಂದೆ ನಿಂತಿರೋ ಗಾಯ್ಜಾಗೆ ಕಿವಿ ಮಂದ."

"ನನ್ನ ಕಿವಿಗೆ ಏನೂ ಆಗಿಲ್ಲ!" ಎಂದು ಸಾಲಿನ ಕೊನೆಯಿಂದ ಮುದುಕಿ ಗಾಯ್ಜಾ ಕೂಗಿದಳು.

"ಹಾಗಾದ್ರೆ ಇನ್ನೂ ಒಳ್ಳೇದು. ಸುಳ್ಳಿದ್ರೆ ಹಿಡೀತೀಯ."

ರಾವ್ನಾ ಓದಿದಳು. ಮೊದಮೊದಲು ಸಿಟ್ಟಿನಿಂದ ಗಡಗಡನೆ ಓದಿದಳು. ಮೂರನೆಯ ಪುಟದ ಹೊತ್ತಿಗೆ, ಇಷ್ಟು ವರ್ಷ ತಾನು ಜನರಿಂದ ಸಹಿ ಹಾಕಿಸಿಕೊಂಡ ಸಾಲುಗಳನ್ನು ತಾನೇ ಮೊದಲ ಸಲ ಕೇಳುತ್ತಿರುವವಳ ಹಾಗೆ ನಿಧಾನಿಸಿದಳು. ಒಂದು ಕಡೆ ನಿಂತು ತೂರುನ್‌ಳನ್ನು ಕೇಳಿದಳು, "'ಮುಂದಿನ ಅಗತ್ಯಗಳಿಗೆ' ಅಂದ್ರೆ ಯಾವ ಅಗತ್ಯ?"

ತೂರುನ್ ಎದ್ದು ಬಂದು ಆ ಸಾಲನ್ನು ನೋಡಿದಳು. "ನನಗೂ ಸ್ಪಷ್ಟವಿಲ್ಲ" ಎಂದಳು. ಪೆನ್ನು ತೆಗೆದು ಆ ಸಾಲಿನ ಮೇಲೆ ಗೆರೆ ಎಳೆದು ತನ್ನ ಸಹಿ ಹಾಕಿದಳು. ಸಾಲಿನಲ್ಲಿದ್ದವರೂ ಪೆನ್ನುಗಳನ್ನು ಇಸಿದುಕೊಂಡು ತಮ್ಮ ತಮ್ಮ ಕಾಗದಗಳಲ್ಲಿ ಅದೇ ಗೆರೆ ಎಳೆದರು.

ಓದು ಮುಗಿದಾಗ ಒಂದು ಗಂಟೆ ಕಳೆದಿತ್ತು. ಸುನ್ನಾ ಹೊರದೇಶದ ಪಕ್ಕದಲ್ಲಿ "ಇಲ್ಲ" ಎಂಬ ಚೌಕಕ್ಕೆ ಗುರುತು ಹಾಕಿ, ಕುರ್ಚಿಯಲ್ಲಿ ಕುಳಿತು ಅಂಗಿಯ ತೋಳು ಮಡಚಿದಳು. ರಾವ್ನಾ ಎಂದಿನಂತೆ ನಾಲ್ಕು ಖಾಲಿ ಕೊಳವೆಗಳನ್ನು ಜೋಡಿಸಿದಳು. ಸುನ್ನಾ ಒಂದನ್ನು ಎತ್ತಿ ಪಕ್ಕಕ್ಕಿಟ್ಟಳು.

"ಮೂರು ತಗೋ" ಎಂದಳು. "ವಸಂತದಲ್ಲಿ ಹಿಂದಕ್ಕೆ ಕೇಳ್ತೀನಿ. ಮೂರೂ ಬಂದ್ರೆ ಆಮೇಲೆ ನಾಲ್ಕನೇದರ ಮಾತು."